ಪುಸ್ತಕವಿಲ್ಲದ ಕ್ಯಾಮೆರಾ

ಬಂಗುಡೆಯ ಹೊಟ್ಟೆ ಸೀಳಿ ತೊಳೆಯುತ್ತಿದ್ದಾಗ ಮಗಳ ಫೋನ್ ಬಂತು. ಅವಳೊಂದು ಪುಟ್ಟ ಸಿನಿಮಾ ಮಾಡಿದ್ದಳು. ಮಣ್ಣಿನ ಏಡಿಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಸರಿಸುವುದು. ಎಲ್ಲ ಜೋಡಿಸಿದರೆ ಏಡಿ ನಡೆಯುತ್ತದೆ. ಅದು ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದಿದೆಯಂತೆ. ಆದರೆ ಬೆಳಕು ಮಿನುಗುತ್ತದೆ, ಹತ್ತು ದಿನದೊಳಗೆ ಪುನಃ ತೆಗೆದು ಕಳಿಸದಿದ್ದರೆ ಸ್ಪರ್ಧೆಯಲ್ಲಿ ಜಾಗವಿಲ್ಲ ಎಂದಿದ್ದಾರಂತೆ. ತೆಗೆದದ್ದು ನನ್ನ ಹಳೆಯ ಫೋನಿನಲ್ಲಿ. ಮಿನುಗುವುದನ್ನು ನಾನೂ ನೋಡಿದ್ದೆ. ಮನೆಯ ವೋಲ್ಟೇಜ್ ಸರಿಯಿಲ್ಲ ಎಂದುಕೊಂಡಿದ್ದೆ.

ತೊಕ್ಕೊಟ್ಟಿನ ಅಂಗಡಿಯಲ್ಲಿ ನಮಗೆ ಎಟುಕುವ ಎರಡು ಹಳೆಯ ಕ್ಯಾಮೆರಾ ಇವೆ, ಸಂಜೆಯವರೆಗೆ ಮಾತ್ರ ಇಡುತ್ತಾರೆ, ತನಗೆ ಪರೀಕ್ಷೆ, ನೀನೇ ಹೋಗು ಎಂದಳು.

"ಅಮ್ಮ, ಮ್ಯಾನುವಲ್ ಇರ್ಲೇಬೇಕು. ಬಾಕಿ ಎಂತ ಇಲ್ಲದಿದ್ರೂ ಅಡ್ಡಿಯಿಲ್ಲ."

ಮ್ಯಾನುವಲ್ ನನಗೆ ಗೊತ್ತಿಲ್ಲದ್ದೇನಲ್ಲ. ಮಿಕ್ಸಿಯದ್ದು ಈಗಲೂ ಪಂಚಾಂಗದ ಅಡಿಯಲ್ಲಿ ಜೋಪಾನವಾಗಿದೆ. ಮೀನಿಗೆ ಉಪ್ಪು ಅರಸಿನ ಹಚ್ಚಿ ಫ್ರಿಜ್ಜಿನಲ್ಲಿಟ್ಟೆ, ಮಿಂದೆ, ದೇವರಿಗೆ ಕೈಮುಗಿದು ಬಸ್ಸು ಹತ್ತಿದೆ.

ಅಂಗಡಿಯವರು ಎರಡನ್ನೂ ಮೇಜಿನ ಮೇಲಿಟ್ಟರು. ಒಂದು ಹೊಸದರ ಹಾಗೆ ಹೊಳೆಯುತ್ತಿತ್ತು, ಪೆಟ್ಟಿಗೆಯಲ್ಲಿ ದಪ್ಪ ಪುಸ್ತಕವೂ ಇತ್ತು. ಇನ್ನೊಂದರ ಕುತ್ತಿಗೆಗೆ ಹಾಕುವ ಪಟ್ಟಿ ಸವೆದಿತ್ತು, ಪೆಟ್ಟಿಗೆಯೇ ಇಲ್ಲ, ಬರೀ ಒಂದು ಚೀಲ. ಮ್ಯಾನುವಲ್ ಯಾವುದರಲ್ಲಿ ಉಂಟು ಎಂದು ಕೇಳಿದೆ. ಅವರು ಪಟ್ಟಿ ಸವೆದ ಕ್ಯಾಮೆರಾವನ್ನು ತೋರಿಸಿದರು. ತಿರುಗಿಸಿ ನೋಡಿದೆ, ಚೀಲವನ್ನೂ ಕೊಡವಿದೆ.

"ಎಲ್ಲಿ ಉಂಟು?"

"ಒಳಗೆ ಉಂಟು ಅಕ್ಕ."

ಅಂಗೈಯಗಲದ ಕ್ಯಾಮೆರಾದೊಳಗೆ ಪುಸ್ತಕ ಹೇಗೆ ಹಿಡಿಯುತ್ತದೆ? ಪುಸ್ತಕವಿದ್ದದ್ದನ್ನು ತೋರಿಸಿ ಕೇಳಿದರೆ ಅದರಲ್ಲಿ ಮ್ಯಾನುವಲ್ ಇಲ್ಲವಂತೆ. ಹೆಂಗಸೆಂದು ಮಂಗ ಮಾಡುತ್ತಿದ್ದಾರೋ ಎಂದು ಸಿಟ್ಟು ಬಂತು. ಮಗಳ ಫೋನ್ ಸ್ವಿಚ್ ಆಫ್. ಕೊನೆಗೆ ಏಡಿಯ ಸಂಗತಿಯನ್ನೇ ಹೇಳಿದೆ. ಅವರು ಹೊಳೆಯುವುದನ್ನು ಪೆಟ್ಟಿಗೆಗೆ ಹಾಕಿಬಿಟ್ಟರು.

"ಅದು ಪ್ರತಿ ಫೋಟೋಕ್ಕೂ ಅದರದ್ದೇ ಬುದ್ಧಿ ಓಡಿಸ್ತದೆ ಅಕ್ಕ. ಇದನ್ನು ನಾವೇ ಕೈಯಲ್ಲಿ ಹೊಂದಿಸ್ಬಹುದು, ನೀವು ಇಟ್ಟ ಬೆಳಕಲ್ಲೇ ನಿಲ್ತದೆ."

ಹಾಗಾದರೆ ವೋಲ್ಟೇಜ್ ಅಲ್ಲವೇ? ಅರ್ಧ ತಿಳಿಯಿತು, ಅರ್ಧ ಇಲ್ಲ. ಪಟ್ಟಿ ಸವೆದದ್ದನ್ನೇ ತೆಗೆದುಕೊಂಡೆ. ನೇತ್ರಾವತಿ ಸೇತುವೆ ದಾಟುವವರೆಗೂ ಮೋಸ ಹೋದೆನೋ ಎಂದು ಚೀಲ ಮುಟ್ಟಿ ನೋಡುತ್ತಿದ್ದೆ.

ಸಂಜೆ ಮಗಳು ಬಂದಾಗ, ಪುಸ್ತಕ ಕೊಡಲಿಲ್ಲ, ಒಳಗೇ ಉಂಟಂತೆ ಎಂದೆ.

"ಎಂತ ಪುಸ್ತಕ?"

ಅವಳು ಮೇಲಿನ ಚಕ್ರವನ್ನು 'M' ಅಕ್ಷರಕ್ಕೆ ತಿರುಗಿಸಿ, ಏಡಿಯನ್ನು ಮುಟ್ಟದೆ ಮೂರು ಫೋಟೋ ತೆಗೆದಳು. ಒಂದರ ಮೇಲೊಂದು ನೋಡಿದಳು. ಮೂರರಲ್ಲೂ ಒಂದೇ ಬೆಳಕು. ಆಮೇಲೆ ಏಡಿಯ ಕಾಲು ಸರಿಸಲು ಕುಳಿತೇಬಿಟ್ಟಳು.

ಆ ಅಂಗಡಿಯವರು ಹೊಳೆಯುವುದನ್ನು ಕೊಟ್ಟಿದ್ದರೆ ನಾನು ಪುಸ್ತಕ ಹಿಡಿದು ಖುಷಿಯಲ್ಲೇ ಬರುತ್ತಿದ್ದೆ. ಸಂಶಯಪಟ್ಟವಳಿಗೂ ಸತ್ಯ ಹೇಳಿದರಲ್ಲ. ಅವರ ಹೆಸರೂ ಗೊತ್ತಿಲ್ಲ. ದೀಪ ಹಚ್ಚುವಾಗ ದೇವರಲ್ಲಿ ತೊಕ್ಕೊಟ್ಟಿನವರಿಗೆ ಒಳ್ಳೆಯದಾಗಲಿ ಎಂದಷ್ಟೇ ಹೇಳಿದೆ. ಮ್ಯಾನುವಲ್ ಒಳಗೆ ಹೇಗೆ ಇರುತ್ತದೆ ಎಂಬುದು ಈಗಲೂ ನನಗೆ ಪೂರ್ತಿ ತಿಳಿದಿಲ್ಲ. ಆಮೇಲೆ ಬಂಗುಡೆಯನ್ನು ಹೊರಗೆ ತೆಗೆದಿಟ್ಟು, ಮಸಾಲೆಗೆ ಮೆಣಸು ಹುರಿಯಲು ಕಾವಲಿ ಇಟ್ಟೆ.