ಬುಟ್ಟಿ ಸೀಟಿನ ರೇಸು ಕಾರು

ನಮ್ಮ ಮನೆಯ ಕೋಳಿ ಈಗ ಕಾವಿಗೆ ಕೂತಿರುವುದು ಒಂದು ರೇಸು ಕಾರಿನ ಸೀಟಿನಲ್ಲಿ. ನಗಬೇಡಿ. ಬೆಳಿಗ್ಗೆ ಕಾಳು ಹಾಕಲು ಬಗ್ಗಿದಾಗ ಆ ಸೀಟಿನ ಹಳೆಯ ಬಿದಿರಿನಿಂದ ಸಣ್ಣಗೆ ಪೆಟ್ರೋಲಿನ ವಾಸನೆ ಬಂತು. ಇಷ್ಟು ವರ್ಷ ವಾಸನೆ ಎಲ್ಲಿ ಉಳಿಯುತ್ತದೆ? ನನ್ನ ಮೂಗಿನಲ್ಲೇ ಉಳಿದಿರಬೇಕು. ಅದೇ ಹೊತ್ತಿಗೆ ಪಕ್ಕದ ಅಂಗಡಿಯಲ್ಲಿ ಅಣ್ಣ ಬೆಸುಗೆ ಹಾಕುವ ಚಿಟಚಿಟ ಸದ್ದು. ನಿಂತಿತು. ಮತ್ತೆ ಅದೇ ಜಾಗಕ್ಕೆ ಇನ್ನೊಮ್ಮೆ ಚಿಟಚಿಟ. ನನ್ನ ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು.

ಶಿಡ್ಲಘಟ್ಟದಲ್ಲಿ ಅಣ್ಣನ ವೆಲ್ಡಿಂಗ್ ಅಂಗಡಿಯೆಂದರೆ ಗೇಟು, ಕಿಟಕಿ, ರೇಷ್ಮೆ ನೂಲು ತೆಗೆಯುವ ಯಂತ್ರಗಳ ರಿಪೇರಿ. ಎಂಬತ್ತರ ದಶಕದ ಕೊನೆಯಲ್ಲಿ ಅವನು ಮದ್ರಾಸಿನ ಕಡೆ, ವಿಮಾನ ಇಳಿಯುವ ಹಳೇ ಪಟ್ಟಿಯ ಮೇಲೆ ಕಾರು ರೇಸು ನೋಡಿ ಬಂದ. ಬಂದವನೇ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದನೆಯ ಮೀನೊಂದನ್ನು ಬರೆದು, ಅದರ ಹೊಟ್ಟೆಯಲ್ಲಿ ನನ್ನನ್ನು ಮಲಗಿಸಿದ.

"ಇದ್ರಲ್ಲಿ ಒಬ್ಬನೇ ಕೂರೋದು ಕಣೋ. ನಾನು ಮಾಡ್ತೀನಿ, ನೀನು ಓಡಿಸ್ತೀಯ."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ರೇಷ್ಮೆಗೂಡು ಸಾಗಿಸುವ ವ್ಯಾನು ಓಡಿಸುತ್ತಿದ್ದವನು. ಕಡ್ಡಿಯಂಥ ಮೈ. ನನ್ನ ಅರ್ಹತೆ ಅಷ್ಟೇ.

ಕಬ್ಬಿಣದ ಕೊಳವೆಗಳ ಚೌಕಟ್ಟು, ಬೆನ್ನ ಹಿಂದೆ ಗುಜರಿ ಕಾರಿನ ಎಂಜಿನ್, ಏಡಿಯ ಕಾಲಿನಂತೆ ಮೈಯಿಂದಾಚೆ ಚಾಚಿದ ನಾಲ್ಕು ಚಕ್ರ, ತಗಡಿನ ಚೂಪು ಮೂಗು. ಸೀಟಿಗೆ ಕಬ್ಬಿಣ ಭಾರವಾಯಿತು. ರೇಷ್ಮೆಹುಳು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ಹೆಣೆಯುವ ಮುನಿಯಪ್ಪನನ್ನು ಅಣ್ಣ ಕರೆತಂದ. ಮುನಿಯಪ್ಪ ನನ್ನನ್ನು ಕೂರಿಸಿ, ನನ್ನ ಸೊಂಟದ ಸುತ್ತಲೇ ಬುಟ್ಟಿ ಹೆಣೆದ.

"ಅಲ್ಲಾಡ್ಬೇಡಪ್ಪ! ಕಾವಿಗೆ ಕೂತ ಕೋಳಿನೂ ನಿನಗಿಂತ ನೆಟ್ಟಗಿರುತ್ತೆ," ಎಂದು ಗದರಿದ. ಅವನ ಬಾಯಿ ಅದೆಂಥದೋ ನೋಡಿ, ಹೇಳಿದ್ದೇ ಆಯಿತು.

ಬೇಸಿಗೆಯಲ್ಲಿ ಜಂಗಮಕೋಟೆ ಕಡೆಯ ಒಣಗಿದ ಕೆರೆಯಂಗಳದಲ್ಲಿ ಓಡಿಸಿ ಕಲಿತೆ. ದನಗಳು ನೋಡಿ ನೋಡಿ ಆಮೇಲೆ ತಲೆ ಎತ್ತುವುದನ್ನೂ ಬಿಟ್ಟವು. ಮದ್ರಾಸಿನ ರೇಸಿನಲ್ಲಿ ಮೊದಲ ವರ್ಷ ಎರಡನೇ ಸುತ್ತಿಗೇ ಎಂಜಿನ್ ಕಾದು ಹೊಗೆ ಎದ್ದಿತು. ಅಣ್ಣ ಪಕ್ಕದ ತಗಡನ್ನು ಮೀನಿನ ಕಿವಿರಿನಂತೆ ಸೀಳಿದ. "ಗಾಳಿ ಒಳಗ್ ಬಂದ್ರೆ ಸಾಲ್ದು ಕಣೋ, ಹೊರಗ್ ಹೋಗಕ್ಕೂ ದಾರಿ ಬಿಡ್ಬೇಕು." ಮರುವರ್ಷ ಕೊನೆಯಿಂದ ಎರಡನೆಯವನಾಗಿ ಮುಗಿಸಿದೆ. ಆದರೆ ಮುಗಿಸಿದೆ! ಮೂರನೇ ವರ್ಷ ಕಾರು ಕೆರೆಯಂಗಳದಲ್ಲಿ ಹಾರುತ್ತಿತ್ತು.

ಆ ವರ್ಷವೇ ನನ್ನ ಮದುವೆಯಾಯಿತು. ಹೊಸ ಜೋಡಿಯನ್ನು ನೆಂಟರೆಲ್ಲ ಮನೆಮನೆಗೆ ಊಟಕ್ಕೆ ಕರೆಯುವುದು ನಮ್ಮಲ್ಲಿ ಪದ್ಧತಿ. ನನಗೋ ಗೌರಿಬಿದನೂರಿನಿಂದ ಅಂಬಾಜಿದುರ್ಗದ ತನಕ ನೆಂಟರು. ಚಿಂತಾಮಣಿಯಲ್ಲಿ ಅತ್ತೆ ಎಲೆಯ ಮುಂದೆ ನಿಂತು, "ಇಂಕಾ ಒಕಟಿ ತಿನಂಡಿ ಅಲ್ಲುಡುಗಾರೂ," ಎಂದು ತೆಲುಗಿನಲ್ಲಿ ಅಳಿಯನಿಗೆ ಇನ್ನೊಂದು, ಮತ್ತೊಂದು ಅಂತ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕುತ್ತಿದ್ದರು. ಬೇಡವೆಂದರೆ ಅವರಿಗೆ ಅವಮಾನ, ಹಾಗೆಂದುಕೊಂಡು ತಿಂದೆ. ನಾಲ್ಕನೇ ಜ್ವರದಿಂದೆದ್ದ, ಅಂದರೆ ಕೊನೆಯ ಪೊರೆ ಕಳಚಿದ ರೇಷ್ಮೆಹುಳು ಹಗಲೂ ರಾತ್ರಿ ಸೊಪ್ಪು ಮುಕ್ಕುತ್ತದಲ್ಲ, ಹಾಗೆ.

ರೇಸಿನ ದಿನ ಬುಟ್ಟಿ ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಣ್ಣ ಒಂದು ಕ್ಷಣ ನನ್ನ ಹೊಟ್ಟೆಯನ್ನೇ ನೋಡಿದ. "ಒಬ್ಬನೇ ಕೂರೋ ಕಾರಿಗೆ ಇಬ್ರು ಬಂದಿದ್ದೀರಲ್ಲೋ!" ಎಂದು ನಕ್ಕು, ಬುಟ್ಟಿ ಕಿತ್ತು, ಗೋಣಿಚೀಲ ಮಡಿಸಿ ಹಾಸಿದ.

ನಂಬಿ, ಮೂರನೆಯವನಾಗಿ ಓಡುತ್ತಿದ್ದೆ. ತಿರುವಿನಲ್ಲಿ ಗೋಣಿ ಜಾರಿತು, ನಾನು ಜಾರಿದೆ, ಸ್ಟೇರಿಂಗ್ ಕೈತಪ್ಪಿತು. ಕಾರು ಹುಲ್ಲಿನ ಪಿಂಡಿಗಳಿಗೆ ನುಗ್ಗಿ ಮೂಗು ಜಜ್ಜಿಕೊಂಡಿತು. ಅಣ್ಣ ಓಡಿ ಬಂದ.

"ಪೆಟ್ಟಾಯ್ತೇನೋ?"

"ಇಲ್ಲ."

"ಏನಾಯ್ತಪ್ಪ ಮತ್ತೆ?"

ಹೊಟ್ಟೆ ಎನ್ನಬೇಕಿತ್ತು. ಸುತ್ತ ಜನ ಸೇರಿದ್ದರು, ಹೆಂಡತಿಯೂ ನೋಡುತ್ತಿದ್ದಳು. "ಸ್ಟೇರಿಂಗ್ ರಾಡು ಹಿಡೀಲಿಲ್ಲ ಅಣ್ಣ. ಬೆಸುಗೆ ಬಿಡ್ತು ಅನ್ಸುತ್ತೆ," ಎಂದುಬಿಟ್ಟೆ. ಗುದ್ದಿದ ಏಟಿಗೆ ರಾಡು ನಿಜವಾಗಿಯೂ ಮುರಿದಿತ್ತು. ಅವನು ಅದನ್ನು ಎತ್ತಿಕೊಂಡು ಮುರಿದ ಕಡೆ ಬೆರಳಾಡಿಸಿದ.

"ಇವತ್ತು ಹೆಂಗೋ ಉಳ್ಕೊಂಡೆ. ನನ್ ಕೈ ನಂಬಿ ನಿನ್ನ ಇನ್ನೊಂದ್ಸಲ ಕೂರಿಸಲ್ಲ."

ಎಂಜಿನ್ ಮಾರಿದ. ಬುಟ್ಟಿ ನಮ್ಮ ಅಟ್ಟ ಸೇರಿತು. ಅಂದಿನಿಂದ ಪ್ರತಿ ಜೋಡಣೆಗೂ ಎರಡು ಸಲ ಬೆಸುಗೆ. ಅವನ ಗೇಟು ಆನೆ ಗುದ್ದಿದರೂ ಅಲ್ಲಾಡದು ಎಂದು ಊರು ಹೊಗಳುತ್ತದೆ. ಹೊಗಳಿದಾಗೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಇವತ್ತು ಅದಾಗಲಿಲ್ಲ. ಕಾಳು ಹಿಡಿದುಕೊಂಡೇ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅಣ್ಣ ಕನ್ನಡಕ ತೆಗೆದು ಒರೆಸಿದ. ಮತ್ತೆ ಒರೆಸಿದ.

"ಅಯ್ಯೋ ಹೊಟ್ಟೆಬಾಕ," ಎಂದ. "ಇಷ್ಟ್ ವರ್ಷ ಊರಿನ ಗೇಟಿಗೆಲ್ಲ ಎರಡೆರಡು ಸಲ ಬೆಸುಗೆ ಹಾಕ್ಸಿದ್ಯಲ್ಲೋ!"

ಅವನ ನಗು ಬರುತ್ತದೆಂದು ಕಾದೆ. ಬರಲಿಲ್ಲ. ಅವನು ತಿರುಗಿ ಗೇಟಿನ ಮುಂದಿನ ಜೋಡಣೆಗೆ ಬೆಸುಗೆ ಹಾಕಿದ, ಒಂದೇ ಸಲ. ಆರಲು ಬಿಟ್ಟು, ಸುತ್ತಿಗೆ ಎತ್ತಿ ಬಲವಾಗಿ ಹೊಡೆದ. ಬೆಸುಗೆ ಬಿಡಲಿಲ್ಲ. ಇನ್ನೊಂದು ಏಟು. ಅಲ್ಲಾಡಲೂ ಇಲ್ಲ.

ಸುತ್ತಿಗೆ ಕೆಳಗಿಟ್ಟು ನನ್ನ ಹೊಟ್ಟೆಯನ್ನು ಅಂದಿನಂತೆಯೇ ನೋಡಿದ.

"ಆ ಕೋಳಿ ಯಾವಾಗ ಏಳುತ್ತೋ? ಬುಟ್ಟಿ ಬೇಕಿತ್ತು. ಹೊಸ ಸೀಟಿನ ಅಳತೆಗೆ."