ಗಂಗಕ್ಕನ ಫೋನು ಮತ್ತು ಶೇಂಗಾ ಹಿಂಡಿ

ಬಾಗಲಕೋಟೆ ಕಡೆಯ ಬಂಧುಗಳೊಬ್ಬರು ಬಂದು ಹೋಗುವಾಗ ಒಂದು ಡಬ್ಬಿ ಶೇಂಗಾ ಹಿಂಡಿ ಬಿಟ್ಟುಹೋಗಿದ್ದರು. ಮೊನ್ನೆ ಮಧ್ಯಾಹ್ನ ಅದರ ಮುಚ್ಚಳ ತೆಗೆದೆ. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸೇರಿ ಪುಡಿಯಾದ ಆ ವಾಸನೆ ಮೂಗಿಗೆ ಬಡಿದಾಗ ಯಾರಿಗಾದರೂ ಬಿಸಿ ರೊಟ್ಟಿ ನೆನಪಾಗಬೇಕು. ನನಗೆ ಟೆಲಿಫೋನು ನೆನಪಾಯಿತು. ಕಪ್ಪು ಬಣ್ಣದ, ಕಸೂತಿ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿರುತ್ತಿದ್ದ, ನಮ್ಮದಲ್ಲದ ಒಂದು ಟೆಲಿಫೋನು. ಯಾಕೆಂದು ಹೇಳುತ್ತೇನೆ. ಆದರೆ ಒಂದು ಮಾತನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು: ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ನನ್ನ ಅತ್ತಿಗೆಗಂತೂ ಸ್ವಲ್ಪವೂ ಇಲ್ಲ.

ಆ ಹೊತ್ತಿನಲ್ಲಿ ಹಾಲ್‌ನ ಸೋಫಾದ ಮೇಲೆ ನನ್ನ ಗೆಳೆಯ ವಿಠ್ಠಲ ಕೂತಿದ್ದ. ಬ್ಯಾಂಕಿನಿಂದ ನಿವೃತ್ತನಾದವನು, ಮನೆ ಇಲ್ಲೇ ಹೈದರಾಬಾದಿನ ಅಮೀರ್‌ಪೇಟೆಯಲ್ಲಿ. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಅವನ ಊಟ, ನಿದ್ದೆ, ಮಾತು ಮೂರೂ ಸವೆಯುತ್ತ ಬಂದಿದ್ದವು. ಅಂದು ಬೆಳಿಗ್ಗೆ ಫೋನು ಮಾಡಿದವನು, ಹಾಲು ಒಡೆಯಿತು ಎಂದು ಹೇಳುವ ದನಿಯಲ್ಲಿ, “ನಾ ಇದ್ರೇನು, ಇಲ್ಲದಿದ್ರೇನು ಅನಸಾಕತ್ತೈತಿ” ಅಂದ. ನಾನು ಆಟೊ ಹಿಡಿದು ಹೋಗಿ ಕರೆತಂದೆ. ದಾರಿಯಲ್ಲಿ ನೇರವಾಗಿಯೇ ಕೇಳಿದೆ, ಸಾಯುವ ವಿಚಾರ ಬರುತ್ತಿದೆಯೇನು ಎಂದು. “ಬರ್ತೈತಿ, ಹೋಗ್ತೈತಿ. ಇತ್ತೀಚಿಗೆ ಹೋಗೂದು ಕಡಿಮಿ ಆಗೇತಿ” ಅಂದ.

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಜೀವಮಾನವೆಲ್ಲ ಸಮಾಜಶಾಸ್ತ್ರ ಪಾಠ ಮಾಡಿದವನು ನಾನು. ಯಾರಾದರೂ ಅತ್ತರೆ ಕಣ್ಣೀರು ಒರೆಸುವ ಮೊದಲು ಕಾರಣ ಹುಡುಕುವ ಚಾಳಿ. ನನ್ನ ಹೆಂಡತಿ ಇದನ್ನು ತನ್ನ ತಂಗಿಯರಿಗೆ ಅಭಿನಯಿಸಿ ತೋರಿಸುತ್ತಾಳೆ. ಹಾಗಾಗಿ ನಾನು ವಿಠ್ಠಲನಿಗೆ, ಇಂಥ ಮಾತು ಕೇಳಲೆಂದೇ ಕೂತಿರುವವರು ಇದ್ದಾರೆ, ಅವರಲ್ಲಿ ಒಬ್ಬರ ಜೊತೆ ಮಾತಾಡು ಅಂದೆ. “ನಂಬರ್ ಹುಡುಕು ಮೊದ್ಲು, ಆಮ್ಯಾಲ ನೋಡೂಣು ಪ್ರೊಫೆಸರ್ರ” ಅಂದ. ಹುಡುಕುವ ಮೊದಲು ಅವನ ಹೊಟ್ಟೆಗೆ ಏನಾದರೂ ಹಾಕೋಣವೆಂದು ಅಡುಗೆಮನೆಗೆ ಬಂದವನು ಆ ಡಬ್ಬಿ ತೆಗೆದದ್ದು.

ಆ ಕಪ್ಪು ಟೆಲಿಫೋನಿನ ಕಾಲದಲ್ಲಿ ಇಡೀ ಆಂಧ್ರಕ್ಕೆ ಹೈದರಾಬಾದೇ ರಾಜಧಾನಿ. ಬೇಗಂಪೇಟೆಯಿಂದ ಸ್ವಲ್ಪ ಆಚೆ, ಕೇಂದ್ರ ಸರಕಾರದ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅಣ್ಣನ ಮನೆ. ನಾನು ಅಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದೆ. ನಮ್ಮ ಸಾಲಿನಲ್ಲಿ ಬಾಗಲಕೋಟೆ, ಗದಗ, ರಾಯಚೂರು ಕಡೆಯ ಮನೆಗಳೇ ಹೆಚ್ಚು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ತರಕಾರಿಯವನ ಹತ್ತಿರ ಹಿಂದಿ. ಬೇಗಂಪೇಟೆಗೆ ಇಳಿಯುವ ವಿಮಾನಗಳು ತಲೆಯ ಮೇಲೆಯೇ ಹೋಗುತ್ತಿದ್ದುದರಿಂದ ಸಾಲಿನವರೆಲ್ಲರಿಗೂ ಒಂದು ವಿಚಿತ್ರ ಅಭ್ಯಾಸವಾಗಿತ್ತು. ಮಾತಿನ ನಡುವೆ ವಿಮಾನ ಬಂದರೆ ಬಾಯಿ ತೆರೆದಂತೆಯೇ ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಸುವುದು. ರಜೆಗೆ ಊರಿಗೆ ಹೋದಾಗ, ವಿಮಾನವೇ ಇಲ್ಲದ ಆಕಾಶದ ಕೆಳಗೂ ಅಣ್ಣ ಹಾಗೆ ನಿಲ್ಲಿಸುತ್ತಿದ್ದ. ಊರವರು ಅದನ್ನು ಪಟ್ಟಣದ ಗಾಂಭೀರ್ಯವೆಂದು ತಿಳಿದಿದ್ದರು.

ಸಾಲಿನಲ್ಲಿ ಫೋನಿದ್ದದ್ದು ಪಕ್ಕದ ಮನೆಯ ಗಂಗಕ್ಕನಿಗೆ ಮಾತ್ರ. ಅವಳ ಗಂಡ ಚನ್ನಬಸಪ್ಪನವರು ಕಾರ್ಖಾನೆಯ ವಿದ್ಯುತ್ ವಿಭಾಗದವರು. ಕರೆದಾಗ ಓಡಿಬರಲಿ ಎಂದು ಕಾರ್ಖಾನೆಯೇ ಹಾಕಿಸಿಕೊಟ್ಟಿದ್ದ ಫೋನು. ಆದರೆ ಅದು ಅವರಿಗಾಗಿ ರಿಂಗಾದದ್ದು ಕಡಿಮೆ. ನಮ್ಮೆಲ್ಲರ ಲಗ್ನಪತ್ರಿಕೆ, ಅರ್ಜಿ, ವಿಳಾಸದ ಚೀಟಿಗಳಲ್ಲಿ ಗಂಗಕ್ಕನ ನಂಬರು, ಅದರ ಪಕ್ಕ ‘ಪಿ.ಪಿ.’ ಎಂಬ ಎರಡಕ್ಷರ. ಫೋನು ನೆರೆಮನೆಯದು, ಕೇಳಿದರೆ ಕರೆದುಕೊಡುತ್ತಾರೆ ಎಂದು ಅದರ ಅರ್ಥ. ಗಂಗಕ್ಕ ಹಿತ್ತಿಲ ಗೋಡೆಯ ಮೇಲೆ ಮುಖ ಎತ್ತಿ ಫೋನು ಬಂದ ಮನೆಯವರಿಗೆ, “ಏ ಸರೋಜವ್ವಾ, ನಿಮ್ಮಣ್ಣನ ಫೋನ್ ಬಂದೈತಿ ಬಾ, ಒಲಿ ಆರಿಸಿ ಬಾ ಮತ್ತ” ಎಂದು ಕೂಗುತ್ತಿದ್ದಳು.

ಸುಖದ ಫೋನುಗಳು ಒಳಗೆ ಬರುತ್ತಿದ್ದವು. ದುಃಖದವು ಹೊರಗೆ ಹೋಗುತ್ತಿದ್ದವು. ಯಾರ ಗಂಡನಿಗೋ ಕುಡಿತ ಹಿಡಿದಿದೆ, ಯಾರ ಮಗಳಿಗೋ ಬಾಣಂತನದ ನಂತರ ಅಳು ನಿಲ್ಲುತ್ತಿಲ್ಲ, ಯಾರಿಗೋ ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಹೋಗಲು ಭಯ. ಇಂಥದಕ್ಕೆ ಎಲ್ಲಿ ಕೇಳಬೇಕೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗಂಗಕ್ಕನಿಗೂ ಇರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ: ಇನ್ನೊಂದು ನಂಬರು ಸಿಗದೆ ಫೋನು ಇಡಬಾರದು. ಆಸ್ಪತ್ರೆಯೊಂದಕ್ಕೆ ಹಚ್ಚುತ್ತಿದ್ದಳು. ಅವರು ನಮ್ಮಲ್ಲಿ ಅದೆಲ್ಲ ಇಲ್ಲ ಅನ್ನುತ್ತಿದ್ದರು. ಗಂಗಕ್ಕ ತನ್ನ ದಖನಿ ಹಿಂದಿಯಲ್ಲಿ, “ಆಪ್‌ಸೆ ನೈ ಹೋತಾ ತೋ ಕಿಸ್‌ಸೆ ಹೋತಾ, ವೋ ತೋ ಬೋಲೋ ಜೀ” ಅನ್ನುತ್ತಿದ್ದಳು. ನಿಮ್ಮಿಂದ ಆಗದಿದ್ದರೆ ಯಾರಿಂದ ಆಗುತ್ತದೆ, ಅದನ್ನಾದರೂ ಹೇಳಿ. ಆ ಕಡೆಯವರು ಕಸಿವಿಸಿಗೊಂಡು ಮತ್ತೊಂದು ಹೆಸರು ಹೇಳುತ್ತಿದ್ದರು. ಅಲ್ಲಿಂದ ಮತ್ತೊಂದು. ಹೀಗೆ ಒಂದು ‘ಇಲ್ಲ’ದಿಂದ ಇನ್ನೊಂದು ‘ಇಲ್ಲ’ಕ್ಕೆ ಕಾಲಿಡುತ್ತ ಹೋದರೆ ಎಲ್ಲೋ ಒಂದು ಕಡೆ ಒಬ್ಬರು ‘ಹೇಳಿ’ ಅನ್ನುತ್ತಿದ್ದರು.

ಅವರು ‘ಹೇಳಿ’ ಅಂದ ಕೂಡಲೇ ಗಂಗಕ್ಕ ರಿಸೀವರನ್ನು ಕಷ್ಟದಲ್ಲಿರುವವರ ಕೈಗಿಟ್ಟು ಅಡುಗೆಮನೆಗೆ ಹೋಗಿ ಮಿಕ್ಸಿ ಹಚ್ಚುತ್ತಿದ್ದಳು.

ಇಲ್ಲಿಂದಲೇ ನನ್ನ ಮತ್ತು ಅತ್ತಿಗೆಯ ಜಗಳ. “ಮಿಕ್ಸಿ ಎಲ್ಲಿತ್ತೋ ಆಕಿ ಕಡೆ? ರೇಡಿಯೋ ಹಚ್ಚತಿದ್ಲು. ನೀ ಓದಿದವ, ಎಲ್ಲಾ ಕಟ್ಟಿ ಹೇಳ್ತಿ” ಎಂದು ಅತ್ತಿಗೆ ಇವತ್ತಿಗೂ ಅನ್ನುತ್ತಾಳೆ. ನನಗೂ ಅನುಮಾನ. ಮಿಕ್ಸಿಯನ್ನು ಅಷ್ಟು ಹೊತ್ತು ಓಡಿಸಿದರೆ ಮೋಟಾರು ಸುಟ್ಟುಹೋಗುವುದಿಲ್ಲವೇ? ದಿನವೂ ಮಧ್ಯಾಹ್ನ ಅರೆಯಲು ಅವಳ ಹತ್ತಿರ ಏನಿರುತ್ತಿತ್ತು? ನಾನು ಎಲ್ಲೋ ಕೇಳಿದ ಸದ್ದನ್ನು ಗಂಗಕ್ಕನ ಅಡುಗೆಮನೆಯಲ್ಲಿ ತಂದಿಟ್ಟುಕೊಂಡಿರಬಹುದು. ನೆನಪು ಇಂಥ ಸಾಮಾನು ಸಾಗಣೆಯನ್ನು ಯಾರನ್ನೂ ಕೇಳದೆ ಮಾಡುತ್ತದೆ.

ಆದರೆ ಅತ್ತಿಗೆಯೂ ನಾನೂ ಒಪ್ಪುವ ಒಂದು ಸಂಗತಿಯಿದೆ. ಗಂಗಕ್ಕನ ಶೇಂಗಾ ಹಿಂಡಿ ಕೆಟ್ಟದಾಗಿರುತ್ತಿತ್ತು. ರುಚಿಯಲ್ಲಲ್ಲ, ಹದದಲ್ಲಿ. ಹಿಂಡಿ ಅಂದರೆ ತರಿತರಿ ಪುಡಿಯಾಗಿರಬೇಕು, ಬೆರಳ ಸಂದಿನಿಂದ ಉದುರಬೇಕು. ಅವಳದು ಎಣ್ಣೆ ಬಿಟ್ಟು ಮುದ್ದೆಯಾಗಿರುತ್ತಿತ್ತು. ಅದನ್ನೇ ಬಟ್ಟಲುಗಳಲ್ಲಿ ತುಂಬಿ ಸಾಲಿನ ಮನೆಗಳಿಗೆಲ್ಲ ಹಂಚುತ್ತಿದ್ದಳು.

“ಗಂಗಕ್ಕಾ, ಇದು ರೊಟ್ಟಿಗೆ ಹಚ್ಚೂದೋ, ಮೊಣಕಾಲಿಗೆ ಹಚ್ಚೂದೋ?” ಎಂದು ಅತ್ತಿಗೆ ಕಾಡುತ್ತಿದ್ದಳು.

“ಎಲ್ಲಿ ನೋವೈತಿ ಅಲ್ಲಿ ಹಚ್ಕೋರಿ” ಎನ್ನುತ್ತಿದ್ದಳು ಗಂಗಕ್ಕ, ನಗದೆ.

ಕಮಲಾ ಎಂಬ ಹುಡುಗಿ ಬಂದದ್ದು ಆ ದಿನಗಳಲ್ಲಿ. ಇಳಕಲ್ಲಿನ ಹತ್ತಿರದ ಹಳ್ಳಿಯವಳು, ಹೊಸದಾಗಿ ಮದುವೆಯಾಗಿ ಸಾಲಿನ ಕೊನೆಯ ಮನೆಗೆ ಬಂದಿದ್ದಳು. ತೆಲುಗು ಬಾರದು, ಹಿಂದಿ ಬಾರದು. ಗಂಡನ ಕೈ ಅವಳ ಮೇಲೆ ಏಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ನಳದ ಹತ್ತಿರ ಎಲ್ಲರೂ ಅದು ಬಿಟ್ಟು ಬೇರೆ ಮಾತಾಡುತ್ತಿದ್ದರು. ಒಂದು ದಿನ ಕೆನ್ನೆ ಊದಿಸಿಕೊಂಡು ಬಂದು, “ಬಚ್ಚಲದಾಗ ಜಾರಿಬಿದ್ನಿರಿ” ಅಂದಳು. ಗಂಗಕ್ಕ ಏನೂ ಕೇಳದೆ ಚಹಾ ಕೊಟ್ಟು, “ನನ್ನ ಮುಂದ ಹೇಳಬ್ಯಾಡ ತಂಗಿ. ಹೇಳ್ಕೊಳ್ಳೂವಂಥವರನ್ನ ಹುಡುಕ್ತೀನಿ, ಕೂಡು” ಅಂದು ಫೋನಿನ ಹೊದಿಕೆ ತೆಗೆದಳು.

ಹೆಂಗಸರ ಸಂಸ್ಥೆಗಳು ಒಂದೆರಡು ಸಿಕ್ಕವು. ಮಾತಾಡಿದವರು ಒಳ್ಳೆಯವರೇ, ಆದರೆ ತೆಲುಗಿನವರು. ನಾನು ಅಲ್ಲೇ ಇದ್ದೆ. ಮಧ್ಯೆ ನಿಂತು ಅನುವಾದ ಮಾಡುತ್ತೇನೆ ಅಂದೆ. ಗಂಗಕ್ಕ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ, “ಆಕಿ ಅತ್ತರ ಅದನ್ನ ಹ್ಯಾಂಗ ತೆಲುಗಿನ್ಯಾಗ ಹೇಳ್ತಿ?” ಅಂದಳು. ಆಮೇಲೆ ಫೋನಿಗೆ, “ನೀವು ಭಾಳ ಚಲೋ ಮಂದಿ ಅದೀರಿ. ಕನ್ನಡ ಬರೋರ ನಂಬರ್ ಕೊಡ್ರಿ” ಎಂಬರ್ಥದ ಏನನ್ನೋ ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಹೇಳಿದಳು. ಕೊನೆಗೆ ಸಿಕ್ಕವರು ರಾಯಚೂರಿನ ಕಡೆಯ ಒಬ್ಬ ಟೀಚರು. ಬೇಗಂಪೇಟೆಯಲ್ಲಿದ್ದುಕೊಂಡು ಅಂಥದೊಂದು ಸಂಸ್ಥೆಗೆ ನೆರವಾಗುತ್ತಿದ್ದರು. ಕಮಲಾ ಫೋನು ಕಿವಿಗಿಟ್ಟುಕೊಂಡು “ಯವ್ವಾ” ಅಂದದ್ದಷ್ಟೇ ನನಗೆ ಕೇಳಿಸಿತು. ಗಂಗಕ್ಕ ನನ್ನ ರಟ್ಟೆ ಹಿಡಿದು ಹಿತ್ತಿಲಿಗೆ ಅಟ್ಟಿ ತಾನು ಅಡುಗೆಮನೆಗೆ ಹೋದಳು.

ಆ ಟೀಚರು ಕೆಲವು ದಿನಗಳಲ್ಲಿ ಆಟೊ ತಂದು ಕಮಲಾಳನ್ನು ಕರೆದುಕೊಂಡು ಹೋದರು. ಆಮೇಲೆ ಅವಳು ತವರಿಗೆ ಹೋದಳೆಂದು ಅತ್ತಿಗೆ, ಇಲ್ಲೇ ಹೊಲಿಗೆ ಕಲಿತಳೆಂದು ನಾನು. ಗಂಗಕ್ಕನ ಮಗಳ ಮದುವೆಗೆ ಬಂದು, ಎಲ್ಲರಿಗಿಂತ ಜೋರಾಗಿ ನಗುತ್ತ ಹೋಳಿಗೆ ಬಡಿಸಿದಳು ಎಂಬುದನ್ನು ಇಬ್ಬರೂ ಒಪ್ಪುತ್ತೇವೆ.

ಆ ದಿನ ಅವಳು ಫೋನಿನಲ್ಲಿ ಏನು ಹೇಳಿಕೊಂಡಳು ಎಂದು ನಾನು ಒಮ್ಮೆ ಗಂಗಕ್ಕನನ್ನು ಕೇಳಿದೆ. ಅಧ್ಯಯನದ ಕುತೂಹಲ ಎಂದೋ ಏನೋ ಅದಕ್ಕೊಂದು ದೊಡ್ಡ ಹೆಸರು ಕೊಟ್ಟುಕೊಂಡಿರಬೇಕು.

“ನನಗೇನ್ ಗೊತ್ತು” ಅಂದಳು. “ನಾ ಕೇಳಿಸ್ಕೊಂಡಿದ್ರ ನಾಳಿಗೆ ನಳದ ಮುಂದ ಆಕಿ ನನ್ನ ಮಾರಿ ಹ್ಯಾಂಗ ನೋಡಬೇಕು?”

ಮೊನ್ನೆ, ತೆಗೆದ ಆ ಡಬ್ಬಿ ಹಾಗೇ ಬಿಟ್ಟು ಹಾಲ್‌ಗೆ ಬಂದೆ. ವಿಠ್ಠಲನ ಪಕ್ಕ ಕೂತು ಮೊಬೈಲಿನಲ್ಲಿ ಹುಡುಕಿದೆ. ಈಗ ನಂಬರುಗಳಿಗೆ ಬರವಿಲ್ಲ. ಒಂದು ರಿಂಗಾಗುತ್ತಲೇ ಇತ್ತು. ಇನ್ನೊಂದರಲ್ಲಿ ಒಬ್ಬ ಹೆಣ್ಣುಮಗಳು ಎತ್ತಿ, ಇದು ಮಕ್ಕಳ ಸಹಾಯಕ್ಕೆ ಮಾತ್ರ ಎಂದು ತೆಲುಗಿನಲ್ಲಿ ಮೃದುವಾಗಿ ಹೇಳಿದಳು. ಕ್ಷಮಿಸಿ ಎಂದು ಇಟ್ಟುಬಿಡುವವನಿದ್ದೆ. ನನ್ನ ಬಾಯಿಂದ ಗಂಗಕ್ಕನ ಪ್ರಶ್ನೆ ಬಂತು, ನನ್ನ ಪ್ರಾಧ್ಯಾಪಕ ತೆಲುಗಿನಲ್ಲಿ: ನಿಮ್ಮಿಂದ ಆಗದಿದ್ದರೆ ಯಾರಿಂದ ಆಗುತ್ತದೆ, ಹೇಳಿ ತಾಯಿ. ಅವಳು ಒಂದು ಕ್ಷಣ ಇರಿ ಅಂದಳು. ನಂಬರು ಕೊಟ್ಟಳು. ಅಲ್ಲಿ ಎತ್ತಿದ ಗಂಡಸು ಹಿಂದಿಯಲ್ಲಿ, ನಿಧಾನವಾಗಿ, ‘ಹೇಳಿ, ಕೇಳುತ್ತಿದ್ದೇನೆ’ ಅಂದ. ಮೊಬೈಲನ್ನು ವಿಠ್ಠಲನ ಕೈಗಿಟ್ಟೆ.

ವಿಠ್ಠಲ “ಹಲೋ” ಅಂದ. ನನ್ನ ಕಡೆ ನೋಡಿದ. ನಾನು ಪ್ರೀತಿಯಿಂದಲೇ, ಪರೀಕ್ಷೆಯ ಕೊಠಡಿಯ ಮೇಲ್ವಿಚಾರಕನ ಹಾಗೆ ಎದುರಿಗೆ ಕೂತಿದ್ದೆ. ಆ ಕಡೆಯ ದನಿ ಅವಸರವಿಲ್ಲದೆ ಕಾಯುತ್ತಿತ್ತು. ಇವನು ಫೋನು ಕೆಳಗಿಳಿಸತೊಡಗಿದ. ಅವನನ್ನು ಒಂಟಿಯಾಗಿ ಬಿಟ್ಟು ಹೊರಗೆ ಹೋಗಲು ನನಗೆ ಧೈರ್ಯವಿಲ್ಲ. ಈಗಿನ ಫ್ಲ್ಯಾಟುಗಳ ಅಡುಗೆಮನೆಗೆ ಬಾಗಿಲೂ ಇಲ್ಲ.

ಎದ್ದು ಹೋಗಿ, ಆಗಲೇ ಪುಡಿಯಾಗಿದ್ದ ಹಿಂಡಿಯನ್ನು ಮಿಕ್ಸಿಗೆ ಸುರಿದು ಹಚ್ಚಿದೆ.

ಮೋಟಾರು ಬಿಸಿಯಾಗುವಷ್ಟರಲ್ಲಿ ನಿಲ್ಲಿಸಿದೆ. ಹಾಲ್‌ನಲ್ಲಿ ವಿಠ್ಠಲನ ದನಿ ತಟ್ಟನೆ ತಗ್ಗಿತು. ಮತ್ತೆ ಹಚ್ಚಿದೆ; ಏರಿತು. ಹಚ್ಚುವುದು, ನಿಲ್ಲಿಸುವುದು, ಹಚ್ಚುವುದು. ಗಂಗಕ್ಕನೂ ಹೀಗೇ ಮಾಡಿರಬೇಕು. ಗೋಡೆಗೆ ಮುಖ ಮಾಡಿ ನಿಂತಿದ್ದೆ. ಅವನು ಅಳುತ್ತಿದ್ದನೋ, ಮಾತಾಡುತ್ತಿದ್ದನೋ ಗೊತ್ತಾಗಲಿಲ್ಲ. ಗೊತ್ತಾಗದಿರಲಿ ಎಂದೇ ನಿಂತಿದ್ದೆ. ಜಾರಿನಲ್ಲಿ ಶೇಂಗಾ ಮೊದಲು ಹಿಟ್ಟಾಯಿತು, ಆಮೇಲೆ ಅಂಚಿಗೆ ಅಂಟಿತು, ಆಮೇಲೆ ಹೊಳೆಯತೊಡಗಿತು. ಮುಚ್ಚಳ ತೆಗೆದು ನೋಡಿದರೆ ಎಣ್ಣೆ ಬಿಟ್ಟ ಕೆಂಪು ಮುದ್ದೆ. ಬೆರಳಿನಿಂದ ಸ್ವಲ್ಪ ತೆಗೆದು ನಾಲಿಗೆಗಿಟ್ಟೆ. ಅದೇ. ಇದು ರೇಡಿಯೋದಿಂದ ಆಗುವ ಕೆಲಸವಲ್ಲ. ಸಾಲಿನ ಮನೆಗಳಿಗೆಲ್ಲ ಹಂಚಿದ ಆ ಬಟ್ಟಲುಗಳ ಹಿಂದೆ ಯಾರ್ಯಾರ ಮಾತುಗಳು ಎಷ್ಟೆಷ್ಟು ಹೊತ್ತು ನಡೆದಿದ್ದವೋ. ನಾವು ರೊಟ್ಟಿಗೆ ಹಚ್ಚಿಕೊಂಡು, ಹದ ಸರಿಯಿಲ್ಲವೆಂದು ನಗುತ್ತ ತಿಂದಿದ್ದೆವು.

ಬಹಳ ಹೊತ್ತಿನ ಮೇಲೆ ವಿಠ್ಠಲ ಅಡುಗೆಮನೆಯ ಹತ್ತಿರ ಬಂದು ನಿಂತ. ಕಣ್ಣುಗಳು ಕೆಂಪಾಗಿದ್ದವು. ಅವರು ನಾಳೆ ಮತ್ತೆ ಮಾತಾಡುತ್ತಾರೆ, ಒಬ್ಬ ಡಾಕ್ಟರ ಹೆಸರೂ ಕೊಟ್ಟಿದ್ದಾರೆ ಅಂದ. ಮಿಕ್ಕದ್ದನ್ನು ನಾನು ಕೇಳಲಿಲ್ಲ. ಈ ರಾತ್ರಿ ಇಲ್ಲೇ ಇರು, ನಾಳೆ ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ ಅಂದೆ. ತಲೆಯಾಡಿಸಿದ. ತಟ್ಟೆಯಲ್ಲಿ ರೊಟ್ಟಿ ಇಟ್ಟು, ಚಮಚದ ತುಂಬ ಹಿಂಡಿ ಹಾಕಹೋದೆ. ಅದು ಚಮಚ ಬಿಟ್ಟು ಇಳಿಯಲಿಲ್ಲ.

ವಿಠ್ಠಲ ಅದನ್ನು ಬೆರಳಿನಿಂದ ಒತ್ತಿ ನೋಡಿದ.

“ಪ್ರೊಫೆಸರ್ರ, ಏನಿದು, ಬಂಡಿ ಕೀಲೆಣ್ಣಿ ಆಗೇತಲ್ಲಪಾ” ಅಂದ. ಮತ್ತೆ ನನ್ನ ಮುಖವನ್ನೇ ನೇರವಾಗಿ ನೋಡುತ್ತ ರೊಟ್ಟಿ ಮುರಿದ.