ಜಾಕೆಟ್ ಟೇಪಿನಲ್ಲಿ ಅಳೆದ ಗ್ರಾಫಿಕ್ಸ್ ಕಾರ್ಡು

ಕಳೆದ ವರ್ಷ ವೈಶಾಖದಲ್ಲಿ ಇಡೀ ಒಂದು ಮದುವೆಯ ವಿಡಿಯೊ ಎಡಿಟ್ ಮಾಡುವ ಕೆಲಸ ನನಗೆ ಮೊದಲ ಸಲ ಸಿಕ್ಕಿತು. ನಾನು ಗುಂಡ್ಲುಪೇಟೆಯಲ್ಲಿ ಜಾಕೆಟ್ ಹೊಲಿಯುವವಳು. ಎಡಿಟಿಂಗ್ ಕಲಿತದ್ದು ಫೋನಿನಲ್ಲಿ ನೋಡಿ ನೋಡಿಯೇ. ಭಾನುವಾರದ ಬೀಗರೂಟಕ್ಕೆ ವಿಡಿಯೊ ಬೇಕೇ ಬೇಕು ಎಂದಿದ್ದರು ಹಂಗಳದ ಆ ಮದುವೆಯವರು. "ಜಾಕೆಟ್ ಒಲಿಯೋಳ್ಗೆ ಇದೆಲ್ಲ ಯಾಕ?" ಎಂದು ಆಡಿಕೊಳ್ಳುವವರು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದರು. ಹೇಳಿದ ದಿನಕ್ಕೆ ಕೊಡದಿದ್ದರೆ ಅವರ ಬಾಯಿಗೆ ಬೀಳುತ್ತಿದ್ದೆ.

ನನ್ನ ಹಳೆ ಕಂಪ್ಯೂಟರೋ, ವಿಡಿಯೊದಲ್ಲಿ ಧಾರೆಯ ಹತ್ತಿರ ಬಂದರೆ ಸಾಕು, ನಿಂತುಬಿಡುತ್ತಿತ್ತು. ವಿಡಿಯೊ ಸರಾಗವಾಗಿ ಓಡಿಸುವ ಗ್ರಾಫಿಕ್ಸ್ ಕಾರ್ಡು ಹಾಕಿಸದೆ ಗತಿಯಿಲ್ಲ ಎಂದು ಗೊತ್ತಾಯಿತು. ಕಂಪ್ಯೂಟರಿನ ಸಿಪಿಯು ಡಬ್ಬದೊಳಗೆ ಹಿಡಿಸುವ ಕಾರ್ಡನ್ನೇ ತರಬೇಕಂತೆ. ಅಳತೆ ತೆಗೆಯುವುದನ್ನು ನನಗೆ ಯಾರಾದರೂ ಹೇಳಿಕೊಡಬೇಕೇ! ಟೇಪು ಹಿಡಿದು ಸಿಪಿಯು ಡಬ್ಬವನ್ನು ಆ ತುದಿಯಿಂದ ಈ ತುದಿಗೆ ಅಳೆದೆ. ಹದಿನಾಲ್ಕು ಇಂಚು.

ಗುರುವಾರ ಬೆಳಿಗ್ಗೆ ಆ ಡಬ್ಬವನ್ನೇ ಹಳೆ ಸೀರೆಯಲ್ಲಿ ಸುತ್ತಿಕೊಂಡು ಹೊರಟೆ. "ಅಷ್ಟ್ ಭಾರ ಒತ್ಕಂಡು ಒಬ್ಳೇ ಓಯ್ತಿಯಾ ಕಣಮ್ಮಿ?" ಎಂದರು ಅತ್ತೆ. "ಓಯ್ತೀನಿ ಬುಡಿ ಅತ್ತೆ" ಎಂದು ಚಾಮರಾಜನಗರದ ಬಸ್ಸು ಹತ್ತಿದೆ.

ಅಲ್ಲಿನ ಕಂಪ್ಯೂಟರ್ ಅಂಗಡಿಯವನಿಗೆ ಹದಿನಾಲ್ಕು ಇಂಚು ಎಂದೆ. ಅವನು ಮೂರು ಫ್ಯಾನಿನ, ಹನ್ನೆರಡು ಇಂಚಿನ ಕಾರ್ಡು ತಂದು ಪ್ಯಾಕ್ ಒಡೆದೇಬಿಟ್ಟ. ನನ್ನ ಡಬ್ಬ ಬಿಚ್ಚಿ ಕೂರಿಸಲು ಹೋದರೆ, ಹಾರ್ಡ್ ಡಿಸ್ಕ್ ಇಡುವ ಕಬ್ಬಿಣದ ಫ್ರೇಮು ಅಡ್ಡ! ದಿನವೂ ಮೈ ಅಳೆಯುವ ಕೈ ನನ್ನದು, ಹೊರಗಿನಿಂದ ಅಳೆದಿತ್ತು. ಕಾರ್ಡು ಕೂರುವುದು ಒಳಗೆ. ಒಳಗಿದ್ದದ್ದು ಒಂಬತ್ತೇ ಇಂಚು.

ನನ್ನ ಕೈಯಲ್ಲಿದ್ದ ಟೇಪು ನೋಡಿ ಅವನು ನಕ್ಕ. "ಇದೇನ್ ಜಾಕೆಟ್ಟಾ ಅಕ್ಕ, ಒಲಿಗೆ ಬಿಚ್ಚಿ ಸಡ್ಲ ಮಾಡಕ್ಕೆ?" ಗಿರಾಕಿಗಳೂ ನಕ್ಕರು. "ಇರ್ಲಿ, ಫ್ರೇಮ್ ಕತ್ತರಿಸ್ಬುಡನ. ಪವರ್ ಸಪ್ಲೈನೂ ದೊಡ್ಡದು ಹಾಕ್ಬುಡನ. ಪ್ಯಾಕ್ ಒಡ್ದಾಯ್ತಲ್ಲ, ಇನ್ ನೀವೇ ತಕ್ಕಬೇಕು."

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಸಿಟ್ಟು ಅದಕ್ಕಿಂತ ಜೋರಾಗಿ ಬಂತು.

"ಅಳತೆ ತಪ್ಪಿದ್ದು ನಾನು. ಪ್ಯಾಕ್ ಒಡ್ದೋರು ನೀವು. ಒಡೆಯಕ್ ಮುಂಚೆ ಡಬ್ಬದೊಳಗೆ ಒಂದ್ಸಲ ಇಣುಕಿ ನೋಡುದ್ರಾ? ಇದು ನಂಗ್ ಬ್ಯಾಡ. ಒಂಬತ್ತು ಇಂಚಿಗಿಂತ ಚಿಕ್ಕದು, ಬೇರೆ ಪವರ್ ವೈರು ಕೇಳದೆ ಇರೋ ಪವರ್ ಸಪ್ಲೈನಲ್ಲೇ ಓಡೋದು ಕೊಡಿ."

"ಅದ್ರಲ್ಲಿ ದೊಡ್ಡ ಗೇಮ್ ಆಡಕ್ಕಾಗಲ್ಲ."

"ನಾನೇನ್ ಗೇಮ್ ಆಡಕ್ ಬಂದಿದ್ದೀನಾ? ಮದ್ವೆ ವಿಡಿಯೊ ಮಾಡ್ಬೇಕು."

ಗೊಣಗುತ್ತಲೇ ಒಂದು ಫ್ಯಾನಿನ ಪುಟ್ಟ ಕಾರ್ಡು ತಂದ. ಸರಿಯಾಗಿ ಕೂತಿತು. ಊರಿಗೆ ಹೋಗಿ ನೋಡಿಕೊಳ್ಳಿ ಎಂದ. "ಇಲ್ಲೇ ಆನ್ ಮಾಡಿ ತೋರ್ಸಿ, ಅಲ್ಲೀವರ್ಗೂ ಏಳಲ್ಲ" ಎಂದು ಸ್ಟೂಲು ಎಳೆದುಕೊಂಡು ಕೂತೆ.

ಆನ್ ಮಾಡಿದ. ಪರದೆಯೆಲ್ಲ ಕಪ್ಪು.

"ನೋಡುದ್ರಾ? ನಿಮ್ ಸಿಸ್ಟಮ್‌ಗೆ ಇದು ಸೆಟ್ಟಾಗಲ್ಲ" ಎಂದ, ಗೆದ್ದವನ ಹಾಗೆ.

ಭಾನುವಾರಕ್ಕೆ ಇನ್ನು ಮೂರೇ ದಿನ. ಫೋನಿನ ವಿಡಿಯೊದಲ್ಲಿ ಕಂಡದ್ದು ನೆನಪಾಗಿ, ಎದ್ದು ಡಬ್ಬದ ಹಿಂದೆ ಬಗ್ಗಿ ನೋಡಿದೆ. ಪುಣ್ಯಾತ್ಮ, ಮಾನಿಟರಿನ ವೈರನ್ನು ಹೊಸ ಕಾರ್ಡಿಗೆ ಸಿಗಿಸದೆ ಹಳೆಯ ಜಾಗಕ್ಕೇ ಸಿಗಿಸಿದ್ದ! "ಅಣ್ಣ, ವೈರು ಕಾರ್ಡಿಗೆ ಹಾಕ್ಬೇಕು" ಎಂದೆ. ಅವನು ಅಲ್ಲಾಡಲಿಲ್ಲ. ನಾನೇ ಕಿತ್ತು ಹಾಕಿದೆ. ಪರದೆ ಬೆಳಗಿತು. ಆಮೇಲೆ ಅವನೇ ಬೇಕಾದ ಸಾಫ್ಟ್‌ವೇರ್ ಹಾಕಿಕೊಟ್ಟ. ವಿಡಿಯೊ ಓಡಿಸಿದಾಗ ಹಂಗಳದ ಮದುವಣಗಿತ್ತಿ ಎಲ್ಲೂ ನಿಲ್ಲದೆ ಧಾರೆಮಂಟಪಕ್ಕೆ ನಡೆದು ಬಂದಳು. ನನಗೆ ಅಳುವೇ ಬಂದುಬಿಟ್ಟಿತು. ನಕ್ಕವರ ಮುಂದೆ ಅಳಲಿಲ್ಲ.

ಭಾನುವಾರ ಬೆಳಿಗ್ಗೆಯೇ ಬೀಗರೂಟಕ್ಕೆ ವಿಡಿಯೊ ಕೊಟ್ಟೆ. ಅಳತೆ ತಪ್ಪಿದ್ದಕ್ಕೆ ನನಗೀಗ ನಾಚಿಕೆಯಿಲ್ಲ. ತಪ್ಪು ನನ್ನದೇ ಅಲ್ಲವೇ ಎಂದು ತಲೆ ತಗ್ಗಿಸಿ ಆ ದೊಡ್ಡ ಕಾರ್ಡನ್ನು ಹೊತ್ತು ತಂದಿದ್ದರೆ ಮಾತ್ರ ಇವತ್ತಿಗೂ ನನ್ನನ್ನು ನಾನು ಕ್ಷಮಿಸುತ್ತಿರಲಿಲ್ಲ.